ಏನೂ ಇಲ್ಲ ಎಂದ ಬೆರಳು

ಕರೆಂಟಿದ್ದ ತಂತಿಯನ್ನು ಟೆಸ್ಟರ್ ಮಾವ ಬರಿಗೈಯಲ್ಲಿ ಮುಟ್ಟುವುದನ್ನು ಮೊದಲ ಸಲ ನೋಡಿದವರು ಹೌಹಾರಿಬಿಡುತ್ತಿದ್ದರು. ಮಾವ ಮಾತ್ರ ತೋರುಬೆರಳನ್ನು ತಂತಿಯ ತುದಿಗೆ ತಾಗಿಸಿ, ಅಡುಗೆಗೆ ಉಪ್ಪು ಸಾಕೇ ಎಂದು ನೋಡುವವರ ಹಾಗೆ ಒಂದು ಕ್ಷಣ ಸುಮ್ಮನಿದ್ದು, "ಬರ್ತಿದೆ" ಅನ್ನುತ್ತಿದ್ದರು. ಬೀದಿಯವರು ಆ ಹೆಸರಿಟ್ಟದ್ದು ಇದಕ್ಕೇ. ವೈರಿಂಗ್ ಕೆಲಸ ಮಾಡಿ ಮಾಡಿ ಬೆರಳ ತುದಿಗಳು ಜಡ್ಡುಗಟ್ಟಿ ಚಪ್ಪಲಿಯ ಅಟ್ಟೆಯಂತಾಗಿದ್ದವು. ಕಾಲಲ್ಲಿ ಸದಾ ದಪ್ಪ ರಬ್ಬರ್ ಚಪ್ಪಲಿ. ಪೂರ್ತಿ ಕರೆಂಟಿದ್ದರೆ ಬೆರಳಿಗೆ ಸಣ್ಣಗೆ ಚುರುಗುಟ್ಟುತ್ತಿತ್ತು, ಅಷ್ಟೇ. ಎಲ್ಲಾದರೂ ಸ್ವಲ್ಪ ಸೋರುತ್ತಿದ್ದರೆ ಆ ಬೆರಳಿಗೆ ಗೊತ್ತೇ ಆಗುತ್ತಿರಲಿಲ್ಲ. ಗೊತ್ತಾಗುತ್ತಿಲ್ಲ ಎನ್ನುವುದೂ ಆ ಮಹಾನುಭಾವರಿಗೆ ಗೊತ್ತಿರಲಿಲ್ಲ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಜಾತಿ!

ಹೆಂಡತಿಗೆ ಮಂಡಿನೋವು. ಕೆಡವುತ್ತಿದ್ದ ಒಂದು ಹೋಟೆಲಿನಿಂದ ಮಾವ ಕಬ್ಬಿಣದ ಬಾತ್‌ಟಬ್ ತಂದು ಬಚ್ಚಲಲ್ಲಿ ಕೂರಿಸಿದರು. ಬಿಸಿನೀರಲ್ಲಿ ಕಾಲು ಚಾಚಿ ಆಕೆ ವಾರಪತ್ರಿಕೆ ಓದಲಿ ಎಂದು, ಕೈಗೆಟುಕುವ ಹಾಗೆ ಗೋಡೆಗೆ ಒಂದು ಹಿತ್ತಾಳೆಯ ದೀಪವನ್ನೂ ತೂಗುಹಾಕಿದರು. ಸರಪಳಿ ಎಳೆದರೆ ಹತ್ತಬೇಕು, ಎಳೆದರೆ ಆರಬೇಕು. ಶಾಕ್ ಹೊಡೆದರೆ ತಾನಾಗಿಯೇ ಕರೆಂಟ್ ಕಡಿಯುವ ಟ್ರಿಪ್ ಸ್ವಿಚ್ಚನ್ನು ಕೇಳಿದ ಒಂದೆರಡು ದೊಡ್ಡ ಮನೆಗಳಿಗೆ ಹಾಕಿಕೊಟ್ಟ ಮನುಷ್ಯ ಸ್ವಂತ ಮನೆಗೂ ಬೀದಿಯ ಮನೆಗಳಿಗೂ ಹಾಕಿರಲಿಲ್ಲ. "ಅದೆಲ್ಲ ಕೆಲಸ ಗೊತ್ತಿಲ್ಲದವರಿಗೆ" ಎಂದಿದ್ದರು. ಕೇಳಿದವರು ನಕ್ಕಿದ್ದರು. ನಗುವ ಮಾತೇ ಅದು?

ಟಬ್ಬಿನ ಹಬೆ ದಿನಾ ದೀಪದೊಳಗೆ ನುಗ್ಗಿತು. ಒಳಗಿನ ವೈರಿನ ಹೊದಿಕೆ ಬಿರಿಯಿತು. ಒಂದು ದಿನ ಹೆಂಡತಿ ಸ್ನಾನ ಮುಗಿಸಿ ನಿಂತು ಸರಪಳಿ ಎಳೆದಾಗ ಮೊಣಕೈವರೆಗೂ ಜುಂ ಎಂದಿತು.

"ರೀ, ಆ ದೀಪ ಮುಟ್ಟಿದ್ರೆ ಜುಂ ಅನ್ನುತ್ತೆ."

ಮಾವ ಚಪ್ಪಲಿ ಮೆಟ್ಟಿಕೊಂಡೇ ಬಂದು ದೀಪವನ್ನು ಹಿಂದೆ ಮುಂದೆ ಮುಟ್ಟಿ ನೋಡಿದರು.

"ಏನೂ ಇಲ್ಲ ಕಣೇ. ಮಂಡಿಯ ವಾಯು ಕೈಗೆ ಬಂದಿರಬೇಕು."

"ನನ್ನ ಕೈ ನನಗೆ ಗೊತ್ತಿಲ್ವಾ?"

"ನನ್ನ ಕೆಲಸ ನನಗೆ ಗೊತ್ತಿಲ್ವಾ?"

ಆಕೆ ಟಬ್ಬಿಗೆ ಇಳಿಯುವುದನ್ನೇ ಬಿಟ್ಟಳು, ಬಕೆಟ್ಟು ಚೊಂಬಿಗೆ ಮರಳಿದಳು. ಮಾವ ಮುಖ ಊದಿಸಿಕೊಂಡು ತಿರುಗಿದರು. ಅಷ್ಟರಲ್ಲಿ ಮಗಳು, ಕೆಲಸದ ಮೇಲೆ ಬೇರೆ ಊರಿಗೆ ಹೋಗಬೇಕಾಗಿ ಬಂದು, ಮೊಮ್ಮಗಳನ್ನು ತಂದು ಬಿಟ್ಟುಹೋದಳು. ಟಬ್ಬು ಕಂಡದ್ದೇ ತಡ, ಮಗುವಿಗೆ ಅದರಲ್ಲೇ ಸ್ನಾನವಾಗಬೇಕು.

"ಬೇಡ ಪುಟ್ಟಿ" ಎಂದಳು ಅಜ್ಜಿ.

"ಯಾಕೆ ಬೇಡ?" ಎಂದು ಮಾವ ಗುಡುಗಿದರು. "ಊರಿಗೆಲ್ಲ ಬೆಳಕು ಕೊಟ್ಟವನ ಮನೆ ದೀಪ ಕಂಡ್ರೆ ನಿನಗೆ ಭಯ! ತಡಿ, ಮೊದಲು ನಾನೇ ಕೂತು ತೋರಿಸ್ತೀನಿ. ಆಮೇಲೆ ಮಗು ಇಳೀಲಿ."

ಟಬ್ಬು ತುಂಬಿಸಿ, ಚಪ್ಪಲಿ ಬಿಟ್ಟು, ಚಡ್ಡಿಯಲ್ಲೇ ಒಳಗೆ ಕೂತರು. ಬಾಗಿಲು ತೆರೆದೇ ಇತ್ತು. ಮೊಮ್ಮಗಳು ಹೆಗಲಿಗೆ ಟವೆಲು ಹಾಕಿಕೊಂಡು ಹೊಸ್ತಿಲಲ್ಲಿ ಕುಣಿಯುತ್ತಿದ್ದಳು, "ಮುಗೀತಾ ತಾತ, ಮುಗೀತಾ?" ಎನ್ನುತ್ತಿದ್ದಳು. ಮಾವ ಬೇಕೆಂದೇ ತಡ ಮಾಡಿದರು. ಬಿಸಿನೀರಲ್ಲಿ ನೆನೆನೆನೆದು ಕೈಯ ಜಡ್ಡು ಮೆತ್ತಗಾಗಿ ಬೆಳ್ಳಗೆ ಸುಕ್ಕುಗಟ್ಟಿತು.

"ನೋಡೇ ಇಲ್ಲಿ!" ಎಂದು ಕೂಗಿ ಒದ್ದೆ ಕೈಯಿಂದ ದೀಪವನ್ನು ಹಿಡಿದರು.

ಹಿಡಿದ ಕೈ ಬಿಡಲಿಲ್ಲ. ಬಿಡೋಣವೆಂದರೆ ಬೆರಳುಗಳು ಮಾತು ಕೇಳಲಿಲ್ಲ, ಇನ್ನೂ ಬಿಗಿಯಾದವು. ಎದೆಯನ್ನು ಯಾರೋ ಒಳಗಿನಿಂದ ಹಿಂಡುತ್ತಿದ್ದರು. ಕೂಗಲು ಬಾಯಿ ತೆರೆದರೂ ಸದ್ದು ಬರಲಿಲ್ಲ. ತಾತ ಆಟವಾಡುತ್ತಿದ್ದಾನೆಂದು ಮೊಮ್ಮಗಳು ಕಿಲಕಿಲ ನಕ್ಕು, ಆ ಕೈ ಹಿಡಿಯಲು ಒಂದು ಹೆಜ್ಜೆ ಒಳಗಿಟ್ಟಳು. ಅದು ಮಾವನಿಗೆ ಕಾಣುತ್ತಿತ್ತು! ಬರಬೇಡ ಎನ್ನಲು ಆಗುತ್ತಿರಲಿಲ್ಲ.

ಠಪ್ಪೆಂದು ದೀಪ ಆರಿತು. ಪಕ್ಕದ ಕೋಣೆಯ ಫ್ಯಾನೂ ನಿಂತಿತು. ಮಾವನ ಕೈ ಕಳಚಿ ನೀರಿಗೆ ಬಿತ್ತು.

ಹೆಂಡತಿ ಮೆಯಿನ್ ಸ್ವಿಚ್ ಇಳಿಸಿದ್ದಳು. ಓಡಿಹೋಗಿ ಇಳಿಸಿದ್ದಲ್ಲ, ಆ ಮಂಡಿಯಲ್ಲಿ ಓಡುವುದೆಲ್ಲಿಂದ ಬಂತು? ಗಂಡ ನೀರಿಗಿಳಿದಾಗಲೇ ಹೋಗಿ ಸ್ವಿಚ್ಚಿನ ಮೇಲೆ ಕೈಯಿಟ್ಟುಕೊಂಡು, ಬಚ್ಚಲ ಕಡೆಗೆ ಕಣ್ಣು ನೆಟ್ಟು ನಿಂತಿದ್ದಳು. ಗಂಡನ ಮಾತಿಗಿಂತ ತನ್ನ ಮೊಣಕೈಗೆ ಬಡಿದದ್ದನ್ನು ಆಕೆ ನಂಬಿದ್ದಳು.

ಡಾಕ್ಟರು ಅಂಗೈಗೆ ಬ್ಯಾಂಡೇಜು ಕಟ್ಟಿ, "ಗಟ್ಟಿ ಆಯಸ್ಸು ನಿಮ್ಮದು" ಎಂದರು. ದಾರಿಯುದ್ದಕ್ಕೂ ಹೊಸ್ತಿಲು ದಾಟಿದ ಆ ಪುಟ್ಟ ಪಾದವೇ ಮಾವನ ಕಣ್ಣ ಮುಂದಿತ್ತು. ಮನೆಗೆ ಬಂದ ಮೇಲೆ ಹೆಂಡತಿಯೇ ಕೇಳಿದಳು.

"ಬೇರೆ ಮನೆಗಳಲ್ಲೂ ಯಾರಾದ್ರೂ ಜುಂ ಅನ್ನುತ್ತೆ ಅಂದಿದ್ರಾ?"

ಅಂದಿದ್ದರು. ಹೆಂಗಸರು, ಮಕ್ಕಳು, ಒಬ್ಬ ಮುದುಕ. ಅಲ್ಲೆಲ್ಲ ಮಾವ ಇದೇ ಬೆರಳು ತಾಗಿಸಿ ಏನೂ ಇಲ್ಲ ಎಂದು ಎದ್ದುಬಂದಿದ್ದರು.

ಚಪ್ಪಲಿಯನ್ನೂ ಹಾಕಿಕೊಳ್ಳದೆ ಕೆಳಗಿನ ಮನೆಗೆ ಇಳಿದುಹೋದರು. ಅಲ್ಲಿದ್ದವಳು ಬಟ್ಟೆ ಹೊಲಿಯುವ ಹೆಂಗಸು. ಮಾವನ ಮನೆಯದನ್ನು ನೋಡಿ ಆಕೆಯೂ ಟಬ್ಬು ಹಾಕಿಸಿದ್ದಳು. ಅದರ ಮೇಲಿನ ದೀಪ ಕಟ್ಟಿದ್ದು ಮಾವನೇ.

"ನಿನ್ನ ಬಚ್ಚಲ ದೀಪ ಯಾರೂ ಮುಟ್ಟಬೇಡಿ ತಾಯಿ. ನಾನು ಅವತ್ತು ಹೇಳಿದ್ದು ತಪ್ಪು."

"ಅಯ್ಯೋ ಮಾವ, ಅದನ್ನ ಮುಟ್ಟೋದು ಬಿಟ್ಟು ಯಾವ ಕಾಲ ಆಯ್ತು!" ಎಂದು ಆಕೆ ಬಾಯಲ್ಲಿದ್ದ ಸೂಜಿ ತೆಗೆದಳು. "ಮಕ್ಕಳಿಗೂ ಹೇಳಿಬಿಟ್ಟಿದ್ದೀನಿ. ಎದುರು ಮನೆಯವರೂ ಅಷ್ಟೇ, ಕೋಲಲ್ಲಿ ಸ್ವಿಚ್ ಹಾಕ್ತಾರೆ."

"ನನಗೆ ಯಾಕಮ್ಮ ಹೇಳಲಿಲ್ಲ?"

"ಹೇಳಿದ್ವಲ್ಲ. ನೀವು ಮುಟ್ಟಿ ನೋಡಿ ಏನೂ ಇಲ್ಲ ಅಂದ್ರಿ. ಮತ್ತೆ ಹೇಳಿದ್ರೆ ನೀವು ಬೇಜಾರು ಮಾಡ್ಕೋತೀರಲ್ಲ ಅಂತ ಸುಮ್ಮನಾದ್ವಿ."

ಮಾವನಿಗೆ ಬೇಜಾರಾಗಬಾರದೆಂದು ಇಡೀ ಬೀದಿ ಸಾವನ್ನು ಗೋಡೆಗೆ ತೂಗುಹಾಕಿಕೊಂಡು, ಅದರ ಕೆಳಗೆ ಮಕ್ಕಳಿಗೆ ನೀರೆರೆಯುತ್ತಿತ್ತು. ಮಕ್ಕಳಿಗೆ ಹೇಳಲು ಮರೆತ ಮನೆ ಯಾವುದೋ! ಮಾವ ಬರಿಗಾಲಲ್ಲೇ ಬೀದಿ ದಾಟಿ ಎದುರು ಮನೆಯ ಬಾಗಿಲು ಬಡಿದರು.