ಹೆಣ್ಣಿನ ಜೊತೆ ಹೆಣ್ಣಿನ ಕೋಟೆಯೂ

ಹೋದ ತಿಂಗಳು ಮಳವಳ್ಳಿ ಹತ್ತಿರದ ಹಳ್ಳಿಯೊಂದರಲ್ಲಿ ಬೀಗರ ಊಟ. ಎಲೆಗೆ ಮುದ್ದೆ ಬಿದ್ದಿತ್ತು, ಮಟನ್ ಸಾರು ಬಿದ್ದಿತ್ತು, ಬೋಟಿ ಗೊಜ್ಜು ಬರುತ್ತಿತ್ತು. ಪಂಕ್ತಿಯ ನಡುವೆ ಕೂತಿದ್ದ ಮದುಮಗಳು ಇದ್ದಕ್ಕಿದ್ದಂತೆ ಬಿಕ್ಕಿ ಬಿಕ್ಕಿ ಅಳತೊಡಗಿದಳು.

"ತವ್ರುಮನೆ ನೆಪ್ಪಾಗದೆ ಕಣಮ್ಮ, ಪಾಪ" ಎಂದಳು ಎದುರು ಸಾಲಿನ ಅಜ್ಜಿ.

"ಅಳ್ಲಿ ಬುಡಿ. ನಾವೆಲ್ಲ ಅಳ್ದೆ ಬಂದೋರಾ?" ಎಂದಳು ಪಕ್ಕದಲ್ಲಿದ್ದವಳು.

ತವರೂ ಇಲ್ಲ, ಮಣ್ಣೂ ಇಲ್ಲ. ಅವಳ ಕೋಟೆ ಸುಟ್ಟುಹೋಗಿತ್ತು.

ಗಾಬರಿಯಾಗಬೇಡಿ, ಕೋಟೆ ಇದ್ದದ್ದು ಮೊಬೈಲಿನಲ್ಲಿ. ಓ, ಇಷ್ಟೇನಾ ಎಂದು ಪುಟ ತಿರುವಲೂ ಬೇಡಿ. ಸುಟ್ಟವರು ಯಾರೋ ಹೊರಗಿನವರು. ಆದರೆ ಅವರಿಗೆ ಬಾಗಿಲು ತೆಗೆದುಕೊಟ್ಟವರು ನಮ್ಮ ಎರಡೂ ಕಡೆಯ ಗಂಡಸರು. ಅದೂ ಪ್ರೀತಿಯಿಂದ, ಗೌರವದಿಂದ, ಕಣ್ಣಲ್ಲಿ ನೀರು ತುಂಬಿಕೊಂಡು. ನನಗೆ ಇನ್ನೂ ಮೈ ಉರಿಯುತ್ತಿರುವುದು ಅದಕ್ಕೇ.

ಮದುಮಗಳು ಸಿಂಚನಾ, ಮದ್ದೂರಿನಲ್ಲಿರುವ ನನ್ನ ಅಣ್ಣನ ಮಗಳು. ಭಾರತೀನಗರದ ಕಾಲೇಜೊಂದರಲ್ಲಿ ಮ್ಯಾತ್ಸ್ ಹೇಳಿಕೊಡುತ್ತಾಳೆ. ದಿನಾ ಬಸ್ಸು. ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಆ ಬಸ್ಸು ತೆವಳುವಾಗ ಕಿಟಕಿಯಲ್ಲಿ ಎಷ್ಟು ಅಂತ ನೋಡುವುದು? ಮೂರು ವರ್ಷದ ಹಿಂದೆ ಫೋನಿಗೆ ಒಂದು ಗೇಮ್ ಹಾಕಿಕೊಂಡಳು.

ಗೊತ್ತಿಲ್ಲದವರಿಗೆ ಎರಡು ಮಾತು. ಈ ಗೇಮ್‌ನಲ್ಲಿ ಪ್ರಪಂಚದ ಎಲ್ಲೆಲ್ಲಿಯವರೋ ಒಂದೇ ನಕ್ಷೆಯ ಮೇಲೆ ಕೋಟೆ ಕಟ್ಟುತ್ತಾರೆ. ಗೋಧಿ ಬೆಳೆಯಬೇಕು, ಕಲ್ಲು ಒಡೆಯಬೇಕು, ಸೈನ್ಯ ಸಾಕಬೇಕು. ಒಂಟಿಯಾಗಿದ್ದರೆ ಬೆಳಗಾಗುವುದರೊಳಗೆ ಲೂಟಿ. ಅದಕ್ಕೇ ಎಲ್ಲರೂ ಒಂದೊಂದು ಅಲೈಯನ್ಸ್ ಸೇರಿಕೊಳ್ಳುತ್ತಾರೆ. ನಿಮ್ಮ ಮೇಲೆ ಯಾರಾದರೂ ಬಂದರೆ ನಿಮ್ಮ ಅಲೈಯನ್ಸಿನವರು ಸೈನ್ಯ ಕಳಿಸುತ್ತಾರೆ. (ಟಿವಿಯಲ್ಲಿ ನೋಡುವ ಮೈತ್ರಿಗಳಿಗಿಂತ ವಾಸಿ. ಇಲ್ಲಿ ಕರೆದರೆ ಒಬ್ಬರಾದರೂ ಬರುತ್ತಾರೆ.)

ಸಿಂಚನಾಳ ಅಲೈಯನ್ಸಿನ ಹೆಸರು 'ಬೆಲ್ಲದಚ್ಚು'. ಅದರ ಲೀಡರ್ ರಫೀಕ್. ಮದ್ದೂರಿನಲ್ಲಿ ಬೈಕ್ ಗ್ಯಾರೇಜ್ ಇಟ್ಟಿದ್ದಾನೆ, ನಮ್ಮ ಅಣ್ಣನ ಮನೆಗೆ ಹಳೆಯ ಬಳಕೆ. ಇವರ ಬದ್ಧವೈರಿ 'ಗಗನಚುಕ್ಕಿ', ಮಳವಳ್ಳಿ ಕಡೆಯವರ ಅಲೈಯನ್ಸು. ಅದರ ಲೀಡರ್ ಮಾದೇಶ. ಇಡೀ ಪ್ರಪಂಚವೇ ಇರುವ ನಕ್ಷೆಯಲ್ಲಿ ಹೊಡೆದಾಡಲು ಇವರು ಹುಡುಕಿಕೊಂಡದ್ದು ಪಕ್ಕದ ತಾಲ್ಲೂಕಿನವರನ್ನು! ನಮ್ಮ ಜಿಲ್ಲೆಯವರಿಗೆ ದೂರದವರ ಜೊತೆ ಜಗಳವಾಡಿದರೆ ಸಮಾಧಾನವಿಲ್ಲ.

ನಾನೂ ಬೆಲ್ಲದಚ್ಚಿನವಳೇ. ಮಂಡಿ ಆಪರೇಷನ್ ಆಗಿ ಮಂಡ್ಯದ ಮನೆಯಲ್ಲಿ ಬಿದ್ದುಕೊಂಡಿದ್ದಾಗ ಸಿಂಚನಾ ಸೇರಿಸಿದಳು. ಯುದ್ಧ ನನ್ನ ಕೈಲಾಗದು. ಗೋಧಿ ಬೆಳೆದು ಯುದ್ಧಕ್ಕೆ ಹೋಗುವವರಿಗೆ ಕಳಿಸುವುದು ನನ್ನ ಕೆಲಸ. (ಅಲ್ಲಿ ಹೋದರೂ ಅಡುಗೆಮನೆ ತಪ್ಪಲಿಲ್ಲ.)

ಸಿಂಚನಾ ಹಾಗಲ್ಲ. ನಕ್ಷೆಯ ಮೇಲೆ ಅವಳ ಹೆಸರು 'ಮ್ಯಾತ್ಸ್ ಮಿಸ್'. ಯಾರ ಸೈನ್ಯ ಯಾವಾಗ ಹೊರಟರೆ ಎಲ್ಲರೂ ಒಟ್ಟಿಗೆ ವೈರಿಯ ಬಾಗಿಲು ಮುಟ್ಟುತ್ತಾರೆ ಎಂದು ಬಸ್ಸಿನಲ್ಲಿ ಕೂತೇ ಲೆಕ್ಕ ಹಾಕುತ್ತಿದ್ದಳು. ಮ್ಯಾತ್ಸ್ ಮಿಸ್ ಹೊರಟಿದ್ದಾರೆ ಅಂದರೆ ಗಗನಚುಕ್ಕಿಯವರು ಗೋಧಿ ಬಚ್ಚಿಡುತ್ತಿದ್ದರು. ಒಮ್ಮೆ ಕೇಳಿದೆ, "ಏನಿದೆಯೇ ಅದರಲ್ಲಿ ಅಂಥದ್ದು?" ಎಂದು.

"ಅಲ್ಲಿ ಯಾರೂ ನೀನು ಯಾರ ಮಗಳು, ಮದುವೆ ಯಾವಾಗ ಅಂತ ಕೇಳಲ್ಲ ಅತ್ತೆ. ಇವತ್ತು ಯಾವ ಕೋಟೆ ಹೊಡೆಯೋಣ ಅಂತ ಕೇಳ್ತಾರೆ" ಅಂದಳು.

ಆಮೇಲೆ ನಾನು ಆ ವಿಷಯದಲ್ಲಿ ತಮಾಷೆ ಮಾಡಲಿಲ್ಲ.

ಇಂಥವಳನ್ನು ನೋಡಲು ಮಳವಳ್ಳಿ ಕಡೆಯಿಂದ ಗಂಡು ಬಂತು. ಹೆಸರು ಪ್ರದೀಪ, ಶಿವನಸಮುದ್ರದ ಕರೆಂಟು ಸ್ಟೇಷನ್ನಿನಲ್ಲಿ ಕೆಲಸ. ಹುಡುಗ ಹುಡುಗಿ ಎರಡು ಮಾತಾಡಿಕೊಳ್ಳಲಿ ಎಂದು ತಾರಸಿಗೆ ಕಳಿಸಿದೆವು. ಕೆಳಗೆ ನಾವು ಉಪ್ಪಿಟ್ಟು ತಿಂದು ಮುಗಿಸಿದರೂ ಇಳಿಯಲಿಲ್ಲ. ಹೋಗಿ ನೋಡಿದರೆ ಸಿಂಚನಾ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಾಳೆ.

"ಹೋದ ವರ್ಷ ನನ್ನ ಗೋಧಿ ಗದ್ದೆ ಸುಟ್ಟಿದ್ದು ನೀವೇನಾ?"

"ನೀವು ಮ್ಯಾತ್ಸ್ ಮಿಸ್ಸಾ?" ಎಂದ ಅವನು. ಹೆಣ್ಣು ನೋಡಲು ಬಂದ ಗಂಡಿನ ಮುಖದಲ್ಲಿ ಅಷ್ಟು ಭಯವನ್ನು ನಾನು ನೋಡಿಲ್ಲ. ಆದರೂ ಒಪ್ಪಿದ, ಅವಳೂ ಒಪ್ಪಿದಳು. ಇದುವರೆಗೆ ಎಲ್ಲಾ ಚೆಂದವೇ.

ಕಿರಿಕಿರಿ ಶುರುವಾದದ್ದು ಇಲ್ಲಿಂದ. ಗಗನಚುಕ್ಕಿಯ ಲೀಡರ್ ಮಾದೇಶ ಇದ್ದಾನಲ್ಲ, ಅವನು ಗಂಡಿನ ಸ್ವಂತ ಅಣ್ಣ. ಮಾತುಕತೆಯ ದಿನ ಹಿರಿಯರು ಒಳಗೆ ಮಂಟಪ, ಮುಹೂರ್ತ ಅಂತ ಕೂತಿದ್ದರೆ, ಜಗಲಿಯ ಮೇಲೆ ರಫೀಕ್ ಮತ್ತು ಮಾದೇಶನ ಬೇರೆಯೇ ಮಾತುಕತೆ. ಮೊದಲನೆಯದು, ಇನ್ನು ಮೇಲೆ ಒಬ್ಬರ ಮೇಲೊಬ್ಬರು ದಂಡೆತ್ತಿ ಹೋಗುವಂತಿಲ್ಲ.

"ಬೀಗ್ರ ಮ್ಯಾಲೆ ಯಾರಾರಾ ಕೈ ಮಾಡ್ತರಾ?" ಎಂದ ರಫೀಕ್.

"ನಮ್ಗೆ ಬ್ಯಾರೆ ಏನೂ ಬ್ಯಾಡ ಕಣಣ್ಣ" ಎಂದ ಮಾದೇಶ. "ಎಣ್ಣಿನ ಜೊತ್ಗೆ ಎಣ್ಣಿನ ಕೋಟೆ ಬಂದ್ರೆ ಸಾಕು."

"ಅದು ನೀವು ಯೋಳಬೇಕಾ? ಬತ್ತದೆ ಬುಡಿ" ಎಂದ ರಫೀಕ್.

ಕೋಟೆ ಕಟ್ಟಿದವಳು ಹತ್ತು ಹೆಜ್ಜೆ ಆಚೆ, ಒಳಗೆ ಕಾಫಿ ಲೋಟ ಜೋಡಿಸುತ್ತಿದ್ದಳು. ಇಬ್ಬರಲ್ಲಿ ಒಬ್ಬರಾದರೂ ಎದ್ದು ಬಂದು ಕೇಳಬಹುದಿತ್ತಲ್ಲ? ಉಹೂಂ. ಕಾಫಿ ಮಾತ್ರ ಕೇಳಿದರು. (ಜಗಲಿಯ ಒಪ್ಪಂದ ನನಗೆ ತಿಳಿದದ್ದು ಎಲ್ಲಾ ಆದಮೇಲೆ.)

ಮದುವೆಗೆ ಮುಂಚೆ ಸಿಂಚನಾ ಜವಾಬ್ದಾರಿಯಿಂದಲೇ ಎಲ್ಲಾ ಮಾಡಿದ್ದಳು. ಮದುವೆ ಗಲಾಟೆಯಲ್ಲಿ ಫೋನು ಮುಟ್ಟಲಾಗುವುದಿಲ್ಲ, ಬೀಗರ ಊಟ ಮುಗಿಯುವವರೆಗೆ ನನ್ನ ಕೋಟೆ ನೋಡಿಕೊಳ್ಳಿ ಎಂದು ರಫೀಕನಿಗೆ ಹೇಳಿದ್ದಳು. ಬೆಲ್ಲದಚ್ಚಿನವರೆಲ್ಲ ತಮ್ಮ ತಮ್ಮ ಸೈನ್ಯವನ್ನು ಅವಳ ಕೋಟೆಯೊಳಗೆ ಕಾವಲಿಗೆ ಕೂರಿಸಿದರು. ಅವಳು ನಿಶ್ಚಿಂತೆಯಿಂದ ಫೋನನ್ನು ಅವಳಮ್ಮನ ಕೈಗೆ ಕೊಟ್ಟಳು, ಅದು ಒಡವೆ ಪೆಟ್ಟಿಗೆ ಸೇರಿ ಬೀಗ ಬಿತ್ತು.

ಮದ್ದೂರಿನ ಮಂಟಪದಲ್ಲಿ ಧಾರೆ ಚೆನ್ನಾಗಿಯೇ ಆಯಿತು. ಹೆಣ್ಣು ಒಪ್ಪಿಸುವ ಹೊತ್ತು. ನನ್ನ ಅಣ್ಣ ಮಗಳ ಕೈಯನ್ನು ಬೀಗಿತ್ತಿಯ ಕೈಯಲ್ಲಿಟ್ಟು, "ನಮ್ಮನೆ ಮಗೀನ ನಿಮ್ ಮಡ್ಲಿಗೆ ಆಕಿವ್ನಿ ಕಣಮ್ಮ" ಎಂದು ಮಗುವಿನ ಹಾಗೆ ಅತ್ತ. ನಾನೂ ಅತ್ತೆ. ಕಂಬದ ಪಕ್ಕದಲ್ಲಿ ನಿಂತಿದ್ದ ರಫೀಕನೂ ಅತ್ತ. ಅವನು ಅವಳನ್ನು ತಂಗಿ ಎಂದೇ ಕರೆಯುವವನು.

ಅತ್ತು ಸುಮ್ಮನಿರಬಾರದಿತ್ತೇ? ಕಣ್ಣೊರೆಸಿಕೊಂಡು ಫೋನು ತೆಗೆದ. ಹೆಣ್ಣಿನ ಮನೆಯ ಹಿರಿಯರು ಹೆಣ್ಣನ್ನು ಒಪ್ಪಿಸಿದ ಹಾಗೆ, ತಾನೂ ಲೀಡರ್ ಆಗಿ ಶಾಸ್ತ್ರ ಮುಗಿಸಬೇಕು ಅನ್ನಿಸಿತಂತೆ. ಮ್ಯಾತ್ಸ್ ಮಿಸ್ ಅನ್ನು ಬೆಲ್ಲದಚ್ಚಿನಿಂದ ತೆಗೆದ. "ನಮ್ಮನೆ ಹೆಣ್ಣುಮಗಳನ್ನು ಇವತ್ತು ಗಗನಚುಕ್ಕಿಗೆ ಒಪ್ಪಿಸಿಕೊಟ್ಟಿದ್ದೇವೆ, ಎಲ್ಲರೂ ಹರಸಿ" ಎಂದು ಗ್ರೂಪಿಗೆ ಮೆಸೇಜು ಹಾಕಿದ. ಎಲ್ಲರೂ ಹರಸಿದರು. ಅಳುವ ಮುಖ, ಹೂವು, ಮುಗಿದ ಕೈ. ಯಾರೋ ಒಬ್ಬ ಪುಣ್ಯಾತ್ಮ ತೆಂಗಿನಕಾಯಿಯ ಫೋಟೋ ಹಾಕಿದ್ದ.

ಒಬ್ಬರನ್ನು ಅಲೈಯನ್ಸಿನಿಂದ ತೆಗೆದರೆ ಅವರ ಕೋಟೆಯಲ್ಲಿ ಕಾವಲಿರುವ ಸೈನ್ಯವೂ ಆ ಕ್ಷಣವೇ ಎದ್ದು ಮನೆಗೆ ಹೊರಡುತ್ತದೆ. ಜೊತೆಗೆ, ಒಂದು ಕಡೆ ಬಿಟ್ಟವರನ್ನು ಇನ್ನೊಂದು ಅಲೈಯನ್ಸು ಒಂದು ದಿನದವರೆಗೆ ಸೇರಿಸಿಕೊಳ್ಳುವಂತಿಲ್ಲ. ಬೆಳಗ್ಗೆ ಅಲ್ಲಿ, ಸಾಯಂಕಾಲ ಇಲ್ಲಿ ಎಂದು ಹಾರುವವರನ್ನು ತಡೆಯಲು ಮಾಡಿದ ರೂಲು. (ಈ ರೂಲು ಬೇರೆ ಕೆಲವು ಕಡೆಗೂ ಬೇಕಿತ್ತು. ಇರಲಿ.) ಕವಚ ಅಂತ ಒಂದಿದೆ, ಅದನ್ನು ಹಾಕಿಕೊಂಡರೆ ಯಾರೂ ಮುಟ್ಟುವಂತಿಲ್ಲ. ಹಾಕಿಕೊಳ್ಳಲು ಫೋನು ಕೈಯಲ್ಲಿರಬೇಕು. ಅದು ಒಡವೆ ಪೆಟ್ಟಿಗೆಯಲ್ಲಿತ್ತು.

ಇದೆಲ್ಲ ರಫೀಕನಿಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಬೇರೆಯವರಿಗೆ ವಾರ ವಾರ ಪಾಠ ಹೇಳುವವನೇ ಅವನು. ಆದರೆ ಶಾಸ್ತ್ರ ಅಂದ ಕೂಡಲೇ ನಮ್ಮವರ ತಲೆ ಕೆಲಸ ನಿಲ್ಲಿಸುತ್ತದೆ.

ಹೀಗೆ ಮ್ಯಾತ್ಸ್ ಮಿಸ್ ತವರಿನಿಂದ ಹೊರಬಿದ್ದಳು, ಗಂಡನ ಮನೆ ಸೇರಲಿಲ್ಲ. ಗಿಡುಗದ ಬಾವುಟದವರು ಯಾರೋ, ಯಾವ ದೇಶದವರೋ, ಕಾವಲಿಲ್ಲದ ದೊಡ್ಡ ಕೋಟೆ ನೋಡಿದರು. ಮದುವೆ ಮನೆ ಅಂತ ಅವರಿಗೇನು ಗೊತ್ತು? ಬಂದರು, ದೋಚಿದರು, ಬೆಂಕಿಯಿಟ್ಟು ಹೋದರು.

ಮಾರನೇ ದಿನ ಬೀಗರ ಊಟದಲ್ಲಿ ಫೋನು ಪೆಟ್ಟಿಗೆಯಿಂದ ಹೊರಬಂತು. ಎಲೆಯ ಮುಂದೆ ಕೂತಾಗಿತ್ತು, ಬಲಗೈ ಸಾರಿನಲ್ಲಿತ್ತು. ಪಕ್ಕದಲ್ಲಿದ್ದ ಪ್ರದೀಪ ಎಡಗೈಯಲ್ಲಿ ಫೋನು ಹಿಡಿದು ತೋರಿಸಿದ. ಮೂರು ವರ್ಷದ ಕೋಟೆಯ ಜಾಗದಲ್ಲಿ ಹೊಗೆ. ಎದ್ದು ಹೋಗೋಣವೆಂದರೆ ಹಿರಿಯರು ಉಣ್ಣುವಾಗ ಪಂಕ್ತಿಯ ನಡುವೆ ಏಳುವಂತಿಲ್ಲ, ಅದೂ ಹೊಸ ಸೊಸೆ. ಕೂತಲ್ಲೇ ಅತ್ತಳು. ಅಜ್ಜಿಯರು ತವರು ನೆನಪಾಗಿದೆ ಎಂದು ಸಮಾಧಾನ ಹೇಳಿ ಅವಳ ಎಲೆಗೆ ಇನ್ನೊಂದು ಮುದ್ದೆ ಹಾಕಿಸಿದರು.

ಕೈ ತೊಳೆಯುವ ಜಾಗದಲ್ಲಿ ಜಗಳ ಹತ್ತಿಕೊಂಡಿತು.

"ನಾವು ಒಪ್ಪಿಸ್ದೋ. ಸೇರಿಸ್ಕಬೇಕಾಗಿದ್ದೋರು ನೀವು ಕಣ್ಲಾ ಮಾದೇಶ!" ಎಂದ ರಫೀಕ್. ಜಗಲಿಯ ಮೇಲಿನ ಅಣ್ಣ ತಮ್ಮ ಎಲ್ಲಾ ಹೋಗಿ ಲಾ ಬಂದಿತ್ತು.

"ಒಂದಿನ ಕಾಯ್ಬೇಕು ಅಂತ ಗೊತ್ತಿದ್ದೂ ಯಾಕ್ಲಾ ತಗದೆ?"

"ಧಾರೆ ಆದ್ಮ್ಯಾಲೂ ತವ್ರಲ್ಲೇ ಮಡೀಕಂಡ್ರೆ ನಿಮ್ಮೋರು ಏನಂತಿದ್ರು?"

"ನಾವೇನಂತಿದ್ದೋ? ನೀನು ಒಂದು ಫೋನ್ ಮಾಡ್ನಿಲ್ಲ!"

ಎರಡು ನಿಮಿಷ ಕೂಗಾಡಿ, ಮೂರನೆಯ ನಿಮಿಷಕ್ಕೆ ಒಂದಾದರು. ಇಬ್ಬರೂ ಸೇರಿ ಗಿಡುಗದವರ ಮೇಲೆ ಯುದ್ಧ ಸಾರುವುದು, ಎರಡೂ ಮನೆಯ ಮರ್ಯಾದೆ ಉಳಿಸುವುದು. ಯಾವ ಭಾನುವಾರ ಎಂಬ ಚರ್ಚೆಯೂ ಆರಂಭವಾಯಿತು. ಕೋಟೆ ಕಳೆದುಕೊಂಡವಳು ಎರಡು ಮಾರು ದೂರದಲ್ಲಿ ಕೈ ತೊಳೆಯುತ್ತಿದ್ದಳು.

ಸಿಂಚನಾ ಸೆರಗಿನಲ್ಲಿ ಕೈ ಒರೆಸಿಕೊಂಡು ಬಂದಳು. ದನಿ ಏರಿಸಲಿಲ್ಲ.

"ರಫೀಕಣ್ಣ, ನನ್ನ ತೆಗೀರಿ ಅಂತ ನಾನು ನಿಮಗೆ ಹೇಳಿದ್ನಾ?"

ರಫೀಕ್ ತೊಳೆದ ಕೈಯನ್ನೇ ಮತ್ತೆ ತೊಳೆಯಲು ಹೋದ.

"ಭಾವ, ಗಗನಚುಕ್ಕಿಗೆ ಬರ್ತೀನಿ ಅಂತ ನಿಮಗೆ ಹೇಳಿದ್ನಾ?"

ಮಾದೇಶ ನಿಜವಾಗಲೂ ಆಶ್ಚರ್ಯಪಟ್ಟ. "ಅದ್ನೆಲ್ಲ ಕೇಳ್ತರೇನಮ್ಮ? ಮದ್ವೆ ಆದ್ಮ್ಯಾಲೆ ಬರಾದೇ ಅಲ್ವಾ?"

"ನಾನು ಮಳವಳ್ಳಿಗೆ ಬಂದಿದೀನಿ ಭಾವ. ನನ್ನ ಕೋಟೆ ಎಲ್ಲಿಗೂ ಹೊರಟಿರಲಿಲ್ಲ."

ಪ್ರದೀಪ ಮಾತ್ರ ಬಾಯಿ ಬಿಡದೆ ನಿಂತಿದ್ದ. ಆಗ ಅವನ ಮೇಲೂ ನನಗೆ ಸಿಟ್ಟು ಬಂತು.

ಗೇಮ್ ತಾನೇ, ಇಷ್ಟು ಯಾಕೆ ಅನ್ನುತ್ತೀರಾ? ನನ್ನ ಮದುವೆಯ ಮಾರನೇ ದಿನ ನನ್ನ ಹೊಲಿಗೆ ಮಿಷನ್ನು ನನಗಿಂತ ಮೊದಲೇ ಟೆಂಪೋ ಹತ್ತಿ ಯಲಿಯೂರಿನ ನನ್ನ ಅತ್ತೆ ಮನೆಗೆ ಹೋಗಿತ್ತು. ನಾನು ಅದನ್ನು ಅತ್ತಿಗೆಗೆ ಕೊಡಬೇಕು ಅಂದುಕೊಂಡಿದ್ದೆ. ಟೆಂಪೋಗೆ ಹಾಕಿದವರು ಕೆಟ್ಟವರೇನಲ್ಲ, ಗೀಚು ಬೀಳಬಾರದೆಂದು ನನ್ನ ಹಳೆಯ ಸೀರೆಯನ್ನೇ ಸುತ್ತಿದ್ದರು. ಸೀರೆ ಹುಡುಕಲು ಪುರುಸೊತ್ತಿತ್ತು, ನನ್ನನ್ನು ಕೇಳಲು ಇರಲಿಲ್ಲ. ಕೋಟೆಯಾದರೇನು, ಮಿಷನ್ನಾದರೇನು, ಹೊಟ್ಟೆ ಉರಿಯುವುದು ಒಂದೇ ಥರ.

ಆಮೇಲೆ ಎರಡೂ ಕಡೆಯವರು ಸಿಂಚನಾಗೆ ಬಂಡಿಗಟ್ಟಲೆ ಗೋಧಿ ಕಳಿಸುತ್ತೇವೆ, ನಮ್ಮಲ್ಲಿಗೆ ಬಾ ಎಂದು ಕರೆದರು. ಅವಳು ಎರಡಕ್ಕೂ ಹೋಗಲಿಲ್ಲ. ಈಗ ಮಳವಳ್ಳಿಯಿಂದ ಭಾರತೀನಗರಕ್ಕೆ ಬಸ್ಸು. ಆ ಬಸ್ಸಿನಲ್ಲೇ ಕೂತು ಬೂದಿ ಗುಡಿಸಿ, ಗೋಡೆ ಎಬ್ಬಿಸಿ, ತನ್ನದೇ ಅಲೈಯನ್ಸ್ ಶುರು ಮಾಡಿದಳು. ಹೆಸರು 'ಕೊನೇ ಬಸ್ಸು'. ನನಗೆ ಫೋನು ಮಾಡಿ, "ಬರ್ತೀರಾ ಅತ್ತೆ? ಇಷ್ಟ ಇಲ್ಲದಿದ್ರೆ ಬೇಡ" ಎಂದಳು. ಹೋದೆ. (ಕವಚ ಹಾಕಿಕೊಂಡೇ ಹೊರಟೆ. ಫೋನು ನನ್ನ ಕೈಯಲ್ಲೇ ಇತ್ತು.)

ಇದ್ದವರು ನಾವಿಬ್ಬರೇ. ಹೋದ ವಾರ ಮೂರನೆಯವರ ಅರ್ಜಿ ಬಂತು. ನೋಡಿದರೆ ಪ್ರದೀಪ! ಅಂದು ಬಾಯಿ ಬಿಡದವನು ಯಾರಿಗೂ ಹೇಳದೆ ಗಗನಚುಕ್ಕಿ ಬಿಟ್ಟು, ಒಂದು ದಿನ ಹೊರಗೆ ಕಾದು, ಹೆಂಡತಿಯ ಬಾಗಿಲಿಗೆ ಬಂದು ನಿಂತಿದ್ದ. ಸಿಂಚನಾ ಬೆಳಗ್ಗಿನ ಕ್ಲಾಸುಗಳೆಲ್ಲ ಮುಗಿಯುವವರೆಗೆ ಕಾಯಿಸಿ, ಮಧ್ಯಾಹ್ನ ಸೇರಿಸಿಕೊಂಡಳು. ನನ್ನ ಸಿಟ್ಟೂ ಅರ್ಧ ಇಳಿಯಿತು.

ಸಾಯಂಕಾಲವೇ ನನಗೆ ಮಾದೇಶನ ಫೋನು. ಉಸಿರಾಡಲೂ ಬಿಡುವಿಲ್ಲದ ಹಾಗೆ ಕೂಗುತ್ತಿದ್ದ.

"ಏನಕ್ಕ ಇದು ಅನ್ಯಾಯ! ನನ್ ತಮ್ಮನ್ನ ಮನೆ ಅಳಿಯ ಮಾಡ್ಕಂಡ್ಬುಟ್ರಲ್ಲ! ಅವ್ನ ಕೋಟೆ, ಅವ್ನು ಕಟ್ಟಿದ್ದು. ಅವ್ನ ಮನ್ಸಲ್ಲಿ ಏನದೆ ಅಂತ ಅವ್ನ ಒಂದು ಮಾತು ಕೇಳ್ಬೇಕಾಗಿತ್ತಾ ಇಲ್ವಾ?"

ಅಂದರೆ, ಕೇಳಬೇಕು ಅನ್ನುವುದು ಮಾದೇಶನಿಗೆ ಗೊತ್ತಿತ್ತು!