ಬೆಳಕಿಂಡಿಯಿಂದ ಇಳಿದ ವೈರು

ಮನಗೂಳಿಯ ನಮ್ಮ ಮನೆಯ ಗೋಡೆಗಳು ಎರಡು ಮೊಳ ದಪ್ಪ. ಫೈಬರ್ ಕಂಪನಿಯವರು ಪಡಸಾಲೆಯಲ್ಲಿ ತಮ್ಮ ಡಬ್ಬಿ ಕೂರಿಸಿ ಹೋದರು. ಅದರ ವೈಫೈ ಅಡುಗೆಮನೆಯ ಹೊಸ್ತಿಲು ದಾಟಲಿಲ್ಲ. ಅತ್ತೆಗೆ ಬೇಕಾಗಿದ್ದದ್ದು ಅಲ್ಲೇ. ಯಂಕಂಚಿಯಲ್ಲಿರುವ ತಂಗಿಯನ್ನು ವಿಡಿಯೋದಲ್ಲಿ ನೋಡುತ್ತ ರೊಟ್ಟಿ ಬಡಿಯಬೇಕೆಂಬುದು ಅವರ ಆಸೆ. ಪಡಸಾಲೆಗೆ ಓಡಿ ಎರಡು ಮಾತಾಡಿ ಬರುವಷ್ಟರಲ್ಲಿ ಹಂಚಿನ ಮೇಲೆ ರೊಟ್ಟಿ ಕರಕಾಗಿರುತ್ತಿತ್ತು.

ಅಡುಗೆಮನೆಗೆಂದೇ ನಾನೊಂದು ರೂಟರ್ ಕೊಂಡು ತಂದೆ. ಹಾಕಬಹುದೋ ಇಲ್ಲವೋ ಎಂದು ಕಂಪನಿಯ ಲೈನ್‌ಮನ್‌ಗೆ ಫೋನ್ ಮಾಡಿ ಕೇಳಿದೆ.

"ಹಾಕ್ರಿ ಅಕ್ಕಾರ. ನಮ್ಮ ಡಬ್ಬಿ ಮಾತ್ರ ತಗೀಬ್ಯಾಡ್ರಿ, ಫೈಬರ್ ಅದಕ್ಕ ಬರ್ತೈತಿ. ಅದರಿಂದ ಒಂದು ವೈರ್ ನಿಮ್ಮ ರೂಟರಿಗೆ ಎಳೀರಿ, ಸಾಕು."

ಎಳೆಯುವುದೆಲ್ಲಿಂದ? ಆ ಗೋಡೆ ಕೊರೆಯಲು ನನಗೆ ಮನಸ್ಸಾಗಲಿಲ್ಲ. ಅತ್ತೆಯೇ ತಲೆಯೆತ್ತಿ, ಬೆಳಕಿಗೆಂದು ಮಾಳಿಗೆಯಲ್ಲಿ ಬಿಟ್ಟಿದ್ದ ಬೆಳಕಿಂಡಿ ತೋರಿಸಿದರು.

ರವಿವಾರ ಸೆರಗು ಸಿಕ್ಕಿಸಿ ಮಾಳಿಗೆ ಹತ್ತಿದೆ. ಪಡಸಾಲೆಯ ಬೆಳಕಿಂಡಿಯಿಂದ ವೈರ್ ಮೇಲೆಳೆದುಕೊಂಡು, ತುದಿಗೊಂದು ಚಮಚ ಕಟ್ಟಿ, ಅಡುಗೆಮನೆಯ ಬೆಳಕಿಂಡಿಯೊಳಗೆ ಇಳಿಬಿಟ್ಟೆ. ಕೆಳಗಿನಿಂದ ಕೂಗು ಬಂತು. "ಇನ್ನೊಂದೀಟು ಬಿಡವ್ವಾ! ಬಂತು, ಬಂತು... ಯಪ್ಪಾ, ಸಾರಿನ್ಯಾಗ ಬಿತ್ತು!"

ಚಮಚ ತೊಳೆದದ್ದಾಯಿತು, ವೈರ್ ರೂಟರಿಗೆ ಚುಚ್ಚಿದ್ದಾಯಿತು. ದೀಪಗಳು ಹತ್ತಿದವು, ನೆಟ್ ಮಾತ್ರ ಬರಲಿಲ್ಲ. ಮತ್ತೆ ಲೈನ್‌ಮನ್‌ಗೆ ಫೋನ್.

"ನಮ್ಮ ಡಬ್ಬಿಗೂ ನಿಮ್ಮ ರೂಟರಿಗೂ ಒಂದ ವಿಳಾಸ ಬಿದ್ದಿರಬೇಕ್ರಿ. ಅದಕ್ಕ ಜಗಳಾಡಾಕತ್ತಾವ. ನಿಮ್ಮ ರೂಟರಿನ ಸೆಟ್ಟಿಂಗ್ ತಗದು ಒಂದು ಅಂಕಿ ಬದಲಿ ಮಾಡ್ರಿ."

ಪಕ್ಕದಲ್ಲಿ ಕಿವಿಗೊಟ್ಟಿದ್ದ ಅತ್ತೆಗೆ ಇದು ಥಟ್ಟನೆ ತಿಳಿಯಿತು. "ಖರೇ ಐತಿ! ಒಂದ ಮನ್ಯಾಗ ಇಬ್ಬರಿಗೂ ಒಂದ ಹೆಸರಿಟ್ರ, ಕರದಾಗ ಯಾರು ಓ ಅನಬೇಕು?"

ನನಗೆ ನಗು ತಡೆಯಲಾಗಲಿಲ್ಲ. ನಗುತ್ತಲೇ ಮೊಬೈಲಿನಲ್ಲಿ ಒಂದರ ಜಾಗದಲ್ಲಿ ಎರಡು ಒತ್ತಿದೆ. ರೂಟರ್ ಒಮ್ಮೆ ಆರಿ ಹತ್ತಿತು. ಕೆಂಪು ದೀಪ ಹಸಿರಾಯಿತು.

ಆಮೇಲೆ ನಾನು ನಿಂತಲ್ಲಿ ನಿಲ್ಲಲಿಲ್ಲ. ಮೊಬೈಲ್ ಹಿಡಿದು ಬಚ್ಚಲಿಗೆ ಓಡಿದೆ, ಅಲ್ಲೂ ನೆಟ್. ಹಿತ್ತಲಿಗೆ ಓಡಿದೆ, ಅಲ್ಲೂ. ಎಮ್ಮೆಯ ಪಕ್ಕ ನಿಂತು, "ಇಲ್ಲೂ ಬಂತ್ರೀ ಅತ್ತೀ!" ಎಂದು ಕೂಗಿದರೆ ಎಮ್ಮೆ ಬೆಚ್ಚಿ ಹಿಂದೆ ಸರಿಯಿತು. ಪರೀಕ್ಷೆಯಲ್ಲಿ ಪಾಸಾದಾಗಲೂ ನಾನು ಹೀಗೆ ಕುಣಿದಿರಲಿಲ್ಲ.

ಅಡುಗೆಮನೆಗೆ ಬಂದಾಗ ಅತ್ತೆ ಜೋಳದ ಡಬ್ಬಿಗೆ ಮೊಬೈಲ್ ಆನಿಸಿ ಹಿಟ್ಟು ನಾದುತ್ತಿದ್ದರು. ಪರದೆಯಲ್ಲಿ ಅವರ ತಂಗಿ, ಅವರೂ ಒಲೆಯ ಮುಂದೆ.

"ಎಲ್ಲಿ, ನಿನ್ನ ರೊಟ್ಟಿ ತೋರಸು," ಎಂದರು ಅತ್ತೆ.

"ತಗೋ, ನೋಡು. ನಿಂದು ಯಾಕ ಸೊಟ್ಟ ಆಗೇತಿ?"

"ಸೊಟ್ಟ ನಂದಲ್ಲ, ನಿನ್ನ ಮೊಬೈಲ್!"

ಇಬ್ಬರೂ ಹಟಕ್ಕೆ ಬಿದ್ದು ಬಡಿದರು. ಮೂರು ಮಂದಿಯ ಮನೆಯಲ್ಲಿ ಅಂದು ಇಪ್ಪತ್ತಾರು ರೊಟ್ಟಿಯಾದವು. ಬಿಸಿ ರೊಟ್ಟಿಗೆ ಬೆಣ್ಣೆ ಸವರಿ, ಓಣಿಯ ಮನೆಮನೆಗೆ ನಾನೇ ಹಂಚಿ ಬಂದೆ.