ಹಿರೋಳ್ಳಿ ನಾಕಾದಲ್ಲಿ ಬಿಚ್ಚಿದ ಬಂದೂಕು

ದೆವ್ವ, ಮಾಟ ಎಂಬ ಮಾತು ಬಂದಾಗ ನಗುವವರಲ್ಲಿ ನಾನೂ ಒಬ್ಬ. ದಿನಚರಿ ಬರೆಯುವುದು ನನ್ನ ರೂಢಿ. ಬಿದ್ದ ಮಳೆ, ಬಂದ ನೆಂಟರು, ನಮ್ಮ ಕಾಕಾ ಬಂದೂಕಿನಿಂದ ಹಾರಿಸಿದ ತೋಟಾ, ಎಲ್ಲಕ್ಕೂ ಲೆಕ್ಕ ಇಡುತ್ತೇನೆ. ಲೆಕ್ಕಕ್ಕೆ ಸಿಗದ್ದನ್ನು ಜನ ಸರಿಯಾಗಿ ನೋಡಿರುವುದಿಲ್ಲ ಎಂದೇ ತಿಳಿದಿದ್ದೆ. ಆದರೆ ಕೆಲವು ವರ್ಷಗಳ ಹಿಂದೆ ನಾನೇ ನೋಡಿದ ಸಂಗತಿಯೊಂದು ಇಂದಿಗೂ ನನ್ನ ಲೆಕ್ಕಕ್ಕೆ ಸಿಕ್ಕಿಲ್ಲ. ಓದುವವರು ನಂಬದಿದ್ದರೆ ನನಗೆ ಬೇಸರವಿಲ್ಲ.

ಮಟಕಿ ಊರಿನ ನಮ್ಮ ಕಾಕಾ, ಅಪ್ಪನ ತಮ್ಮ, ಶಿಕಾರಿಯ ಹುಚ್ಚಿನವರು. ಹೊಡೆದದ್ದನ್ನು ತಿನ್ನುವ ಮನೆತನ ನಮ್ಮದಲ್ಲ. ಜೋಳದ ಹೊಲಕ್ಕೆ ನುಗ್ಗುವ ಹಂದಿ, ಚಿಗರಿಗಳ ನೆಪ ಅವರಿಗೆ ಸಾಕು. ಆ ವರ್ಷ ಅವರ ಬಂದೂಕಿನ ಸ್ಪ್ರಿಂಗು ಮುರಿಯಿತು. ತೋಟಾಕ್ಕೆ ಬಡಿದು ಗುಂಡು ಹಾರಿಸುವ ಕುದುರೆ ಎತ್ತಿದರೆ ನಿಲ್ಲದೆ ಜೋತುಬೀಳುತ್ತಿತ್ತು. ರಿಪೇರಿ ಮಾಡುವವನು ಇದ್ದದ್ದು ಸೊಲ್ಲಾಪುರದಲ್ಲಿ. ಅದು ಇಂಗ್ರೇಜಿ ಮುಲುಕು, ನಾವು ನಿಜಾಮರ ಪ್ರಜೆಗಳು. ಬಂದೂಕು ಗಡಿ ದಾಟಬೇಕಾದರೆ ಆಳಂದದ ಕಚೇರಿಯಲ್ಲಿ ತೋರಿಸಿ, ಬಟ್ಟೆಯಲ್ಲಿ ಸುತ್ತಿಸಿ, ಗಂಟಿನ ಮೇಲೆ ಅರಗಿನ ಮುದ್ರೆ ಹಾಕಿಸಬೇಕು. ಆ ಮುದ್ರೆಯನ್ನು ಹಿರೋಳ್ಳಿಯ ಸುಂಕದ ನಾಕಾದವರೇ ಒಡೆಯಬೇಕು.

ಮುದ್ರೆ ಹಾಕುವ ಮುಂಚೆ ಕಾರಕೂನನ ಜೊತೆ ನಾನೂ ನಳಿಗೆಯೊಳಗೆ ಇಣುಕಿ ನೋಡಿದ್ದೆ. ಎಣ್ಣೆ ಹಚ್ಚಿದ ನಳಿಗೆ ಫಳಫಳ ಹೊಳೆಯುತ್ತಿತ್ತು. ಮರುದಿನ ನಸುಕಿನಲ್ಲೇ ನಮ್ಮ ಗಾಡಿ ಹೊರಟಿತು. ನಾನು ಗಾಡಿ ಹೊಡೆಯುತ್ತಿದ್ದೆ. ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಕಾಕಾ ನನ್ನ ಹಿಂದೆ ಕುಳಿತಿದ್ದರು. ದಾರಿಯಲ್ಲಿ ಒಮ್ಮೆ ಮಾತ್ರ, ಒಂದು ಹಳ್ಳದ ದಂಡೆಯಲ್ಲಿ ನಿಲ್ಲಿಸಿ ಎತ್ತುಗಳಿಗೆ ನೀರು ಕುಡಿಸಿದೆ.

ನಾಕಾ ತಲುಪಿದಾಗ ಅಲ್ಲಿ ಗದ್ದಲವೆದ್ದಿತ್ತು. ತಾಸು ಹೊತ್ತಿನ ಮುಂಚೆ ಜಾಲಿಗಿಡಗಳ ಮರೆಯಿಂದ ಯಾರೋ ನಾಕಾದ ಸಿಪಾಯಿಯ ಮೇಲೆ ಗುಂಡು ಹಾರಿಸಿದ್ದರು. ಅವನು ತೂತು ಬಿದ್ದ ರುಮಾಲನ್ನು ಕೈಯಲ್ಲಿ ಹಿಡಿದು ಕಟ್ಟೆಯ ಮೇಲೆ ಕುಳಿತಿದ್ದ. ಆ ಹೊತ್ತಿಗೆ ನಾವು ಬಹಳ ಹಿಂದೆ, ಹಳ್ಳದ ದಂಡೆಯಲ್ಲಿದ್ದೆವು.

ನಾಕಾದ ಸಾಹೇಬರು ಗಂಟು ನೋಡಿ, "ಏನ್ ಗೌಡ್ರ, ಸೊಲ್ಲಾಪುರ ಮ್ಯಾಲ ಲಡಾಯಿಗೆ ಹೊಂಟೀರೇನು?" ಎಂದರು.

"ಲಡಾಯಿ ಎಲ್ಲಿದ್ರಿ ಸಾಹೇಬ್ರ, ಇದು ಮೂಕ ಬಂದೂಕ. ರಿಪೇರಿಗೆ ಒಯ್ಯಾಕತ್ತೇವ್ರಿ" ಎಂದರು ಕಾಕಾ.

ಸಾಹೇಬರು ಅರಗನ್ನು ಬೆಳಕಿಗೆ ಹಿಡಿದು ನೋಡಿದರು. ಒಂದು ಬಿರುಕೂ ಇರಲಿಲ್ಲ. ಮುದ್ರೆ ಒಡೆದು ಬಟ್ಟೆ ಬಿಚ್ಚುತ್ತಿದ್ದ ಹಾಗೆ ಸುಟ್ಟ ಮದ್ದಿನ ವಾಸನೆ ಮೂಗಿಗೆ ಬಡಿಯಿತು. ನಳಿಗೆಯೊಳಗೆಲ್ಲ ಮಸಿ. ನಾನು ಕೈ ಇಟ್ಟು ನೋಡಿದೆ. ಬಿಸಿಲಲ್ಲಿ ಬಂದ ಗಂಟು ಬೆಚ್ಚಗಾಗಿರಬಹುದು, ಒಪ್ಪುತ್ತೇನೆ. ಆದರೆ ಕಟ್ಟಿಗೆಯ ಹಿಡಿ ತಣ್ಣಗಿತ್ತು. ನಳಿಗೆ ಮಾತ್ರ ಸುಡುತ್ತಿತ್ತು.

"ಇದ ಬಂದೂಕ್ರಿ ಸಾಹೇಬ್ರ! ಬೇಡಿ ಹಾಕಿ ಕಲಬುರಗಿಗಿ ಕಳಸ್ರಿ ಇವರ್ನ!" ಎಂದು ಸಿಪಾಯಿ ಚೀರಿದ.

"ಮೊದಲ ಕುದುರಿ ಎತ್ತಿ ನೋಡಲೇ. ಆಮ್ಯಾಲ ಬೇಡಿ ತರುವಂತಿ" ಎಂದರು ಕಾಕಾ.

ಸಾಹೇಬರು ಮತ್ತೆ ಮತ್ತೆ ಕುದುರೆ ಎತ್ತಿದರು. ಪ್ರತಿ ಸಲವೂ ಅದು ಜೋತುಬಿತ್ತು. ಅವರು ನನ್ನ ಕಡೆ ತಿರುಗಿದರು. "ತಮ್ಮಾ, ಖರೇ ಹೇಳು. ದಾರ್ಯಾಗ ನಿಮ್ಮ ಕಾಕಾ ಎಲ್ಲ್ಯಾರ ಇಳದಿದ್ರೇನು?"

"ಇಲ್ರಿ. ಎತ್ತಿಗಿ ನೀರ ಕುಡಸೂಮುಂದನೂ ಗಾಡ್ಯಾಗ ಕುಂತಿದ್ರು."

ನನ್ನ ಒಂದು ಮಾತಿನ ಮೇಲೆ ಕಾಕಾ ಜೈಲಿಗೆ ಹೋಗುವುದೋ ಬಿಡುವುದೋ ನಿಂತಿತ್ತು. ನಾನು ಹೇಳಿದ್ದು ನಿಜವೇ. ಸಾಹೇಬರು ಕಾಕಾನ, ನನ್ನ, ಸಿಪಾಯಿಯ ಮುಖವನ್ನು ಒಂದೊಂದಾಗಿ ನೋಡಿದರು. ತಮ್ಮದೇ ಸರ್ಕಾರದ ಮುದ್ರೆಯನ್ನು ಸುಳ್ಳೆನ್ನುವುದು ಹೇಗೆ? ಬಂದೂಕನ್ನು ಕಾಕಾನ ಕೈಗೆ ಕೊಡದೆ ನೆಲದ ಮೇಲಿಟ್ಟು, "ಒಯ್ರಿ, ಲಗೂ ಒಯ್ರಿ" ಎಂದರು.

ಸೊಲ್ಲಾಪುರದ ರಿಪೇರಿಯವನು ಸ್ಪ್ರಿಂಗು ಹೊರತೆಗೆದು ತೋರಿಸಿದ. ಮುರಿದ ತುದಿಗೆ ತುಕ್ಕು ಹಿಡಿದಿತ್ತು. ನಳಿಗೆ ಒರೆಸಿದ ಬಟ್ಟೆ ಕಪ್ಪಾಗಿತ್ತು. ಅವನು ಎರಡನ್ನೂ ನೋಡಿದ, ನಮ್ಮನ್ನೂ ನೋಡಿದ. ಕಾಕಾ ಬಂದೂಕನ್ನು ಅವನಿಗೇ ಬಿಟ್ಟುಕೊಟ್ಟು ಬರಿಗೈಯಲ್ಲಿ ಹೊರಗೆ ಬಂದರು.

ಊರಿಗೆ ಮರಳುವ ದಾರಿಯಲ್ಲಿ ನಾನು ಕೇಳಿಯೇಬಿಟ್ಟೆ. "ಯಾಕ್ರಿ ಕಾಕಾ, ಜೀವದಾಂಗ ಇಟ್ಟಿದ್ರಲ್ಲ ಅದನ್ನ?"

ಅವರು ಹೇಳಿದರು. "ಹ್ವಾದ ವರ್ಷ ಆ ಸಿಪಾಯಿ ನಿಮ್ಮ ಕಾಕೂನ ಗಂಟ ನಡುದಾರ್ಯಾಗ ಬಿಚ್ಚಿ, ಒಂದೊಂದ ಸೀರಿ, ಅರಬಿ ಎತ್ತಿ ಮಂದಿಗಿ ತೋರ್ಸಿ ನಕ್ಕಿದ್ದ. ನೀ ಎತ್ತಿಗಿ ನೀರ ಕುಡಸಾಕತ್ತಿದ್ದಿ ನೋಡು, ಅವಾಗ ಅಂವನ ಮಾರಿ ಕಣ್ಣಮುಂದ ಬಂತು. ಬಂದೂಕಿನ ಮ್ಯಾಲ ಕೈ ಇಟ್ಟಿದ್ದೆ. ಇಟ್ಟಿದ್ದೆ ಅಷ್ಟ."

ಜೇವರ್ಗಿಯ ವಕೀಲ ಗೆಳೆಯನೊಬ್ಬನಿಗೆ ಇದನ್ನು ಹೇಳಿದಾಗ, ಮುದ್ರೆ ನಕಲಿ ಇದ್ದೀತು ಎಂದ. ಇರಬಹುದು. ಆಳಂದದ ಕಾರಕೂನನ ಮೇಲೆ, ಸಾಹೇಬರ ಮೇಲೆ, ಬೆನ್ನ ಹಿಂದೆ ಕುಳಿತಿದ್ದ ಕಾಕಾನ ಮೇಲೆ ಕೂಡ ನಾನು ಸಂಶಯಪಟ್ಟು ನೋಡಿದ್ದೇನೆ. ಯಾವುದೂ ಕೊನೆಯವರೆಗೆ ಹೊಂದುವುದಿಲ್ಲ. ಗುಂಡು ಹಾರಿಸಿದವನು ಇಂದಿಗೂ ಸಿಕ್ಕಿಲ್ಲ.

ದೆವ್ವ, ಮಾಟಗಳಲ್ಲಿ ನನಗೆ ಈಗಲೂ ನಂಬಿಕೆಯಿಲ್ಲ. ಕಾಕಾ ಮಟಕಿಯಲ್ಲಿ ಆರಾಮಾಗಿದ್ದಾರೆ. ಹಬ್ಬಕ್ಕೆ ಹೋಗಿ ಬರುತ್ತೇನೆ. ಅವರಿಗೆ ಸಿಟ್ಟು ಬರುವ ಮಾತನ್ನು ಮಾತ್ರ ಆಡುವುದಿಲ್ಲ.